ಮೀನಿಗಿಂತ ಮೊದಲು ನೀರು ನೋಡಿ

ಶಾಲೆಯಿಂದ ಬಂದ ಮಗು ಬ್ಯಾಗ್ ಇಳಿಸುವ ಮೊದಲೇ ಟ್ಯಾಂಕಿನ ಹತ್ತಿರ ಓಡುತ್ತದೆ. ಗೋಲ್ಡ್‌ಫಿಶ್ ರೆಕ್ಕೆ ಮಡಿಚಿಕೊಂಡು, ನೀರಿನ ಮೇಲ್ಭಾಗದಲ್ಲಿ ಬಾಯಿ ಬಿಡುತ್ತಾ ನಿಂತಿದೆ. ಮಗು ಡಬ್ಬಿ ತೆರೆದು ಇನ್ನೊಂದು ಚಿಟಿಕೆ ತಿಂಡಿ ಹಾಕುತ್ತದೆ. ಬೈಯಬೇಡಿ. ತನಗೆ ಜ್ವರ ಬಂದಾಗ ಅಮ್ಮ ಗಂಜಿ ಕುಡಿಸಿದ್ದು ಅದಕ್ಕೆ ನೆನಪಿದೆ. ಆರೈಕೆ ಎಂದರೆ ಉಣಿಸುವುದು ಎಂದು ಅದು ಕಲಿತದ್ದು ನಮ್ಮಿಂದಲೇ. ನಾವು ದೊಡ್ಡವರೂ ಅಂಗಡಿಯಿಂದ ನೀಲಿ ಔಷಧಿ ತಂದು ಸುರಿಯುತ್ತೇವೆ. ಆದರೆ ಕಾಯಿಲೆ ಬಿದ್ದ ಮೀನಿಗೆ ಬಹುತೇಕ ಸಲ ನೀರಿಗೆ ಏನನ್ನೋ ಹಾಕುವುದಕ್ಕಿಂತ, ನೀರಿನಲ್ಲಿರುವುದನ್ನು ತೆಗೆಯುವುದೇ ಮುಖ್ಯ.

ಕಾರಣ ಇದು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ಮಿಕ್ಕ ತಿಂಡಿ ಕೊಳೆತರೂ ಅದೇ ಅಮೋನಿಯಾ. ಅದು ಕಿವಿರನ್ನು ಸುಡುತ್ತದೆ, ನೀರು ಮಾತ್ರ ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಫಿಲ್ಟರ್‌ನ ಸ್ಪಂಜಿನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಈ ವಿಷವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು 4ರಿಂದ 6 ವಾರ ಬೇಕು. ತಂದ ಹೊಸದರಲ್ಲೇ ಮೀನು ಸಾಯುವುದು ಹೆಚ್ಚಾಗಿ ಇದರಿಂದ. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದರೆ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ಹಾಗಾಗಿ ಮೊದಲ ಚಿಕಿತ್ಸೆ ನೀರು ಬದಲಿಸುವುದು. ದಿನಕ್ಕೆ ಕಾಲು ಭಾಗ ತೆಗೆದು, ಅಷ್ಟೇ ಹೊಸ ನೀರು ಹಾಕಿ. ಪೂರ್ತಿ ಬದಲಿಸಿದರೆ ಮೀನು ತಡೆಯಲಾರದು. ನಲ್ಲಿ ನೀರನ್ನು ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹನಿ ಬಳಸಿ. ಎರಡು ದಿನ ತಿಂಡಿ ನಿಲ್ಲಿಸಿ, ಆರೋಗ್ಯವಾಗಿದ್ದ ಮೀನು ಅಷ್ಟು ಉಪವಾಸಕ್ಕೆ ಸೋಲುವುದಿಲ್ಲ. (ಫೈಟರ್ ಮೀನು ಮೇಲೆ ಬಂದು ಗಾಳಿ ಕುಡಿಯುವುದು ಅದರ ಸ್ವಭಾವ, ಗಾಬರಿ ಬೇಡ.)

ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಪರಾವಲಂಬಿ ಜೀವಿ, ಅಂದರೆ ಮೀನಿನ ಮೈಯನ್ನೇ ತಿಂದು ಬದುಕುವ ಸೂಕ್ಷ್ಮಜೀವಿ. ಇದಕ್ಕೆ ಔಷಧಿ ಬೇಕು. ಆದರೆ ಚರ್ಮದೊಳಗೆ ಅಡಗಿರುವಾಗ ಔಷಧಿ ಅದನ್ನು ಮುಟ್ಟುವುದಿಲ್ಲ. ಅದು ಉದುರಿ, ತಳದಲ್ಲಿ ನೂರಾರು ಮರಿಗಳಾಗಿ ಒಡೆದು, ಹೊಸ ಮೀನನ್ನು ಹುಡುಕಿ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಮಾಯವಾದ ದಿನವೇ ಔಷಧಿ ನಿಲ್ಲಿಸಿದರೆ ರೋಗ ಮರಳುವುದು ಇದರಿಂದಲೇ. ಬಾಟಲಿಯ ಮೇಲೆ ಹೇಳಿದಷ್ಟು ದಿನ ಮುಗಿಸಿ.

ಹರಿದ ರೆಕ್ಕೆ ಮಾತ್ರ ಮಗುವಿನ ಜೊತೆ ಕೂತು ನೋಡಬೇಕಾದ ಸಂಗತಿ. ಗೋಲ್ಡ್‌ಫಿಶ್ ಆದರೆ ಪ್ರತ್ಯೇಕ ಟಬ್‌ನಲ್ಲಿಟ್ಟು, ಲೀಟರಿಗೆ 1 ಗ್ರಾಂನಂತೆ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ ಹಾಕಬಹುದು. ಬುಡ ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ರೆಕ್ಕೆ ಚಿಗುರುತ್ತದೆ. ಮೊದಲು ಹರಿದ ಅಂಚಿಗೆ ಗಾಜಿನಂಥ ತೆಳು ಪೊರೆ, ಬಣ್ಣ ಆಮೇಲೆ. ಬಕೆಟ್ ಅಳತೆ, ಉಪ್ಪಿನ ಚಮಚ, ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮಗುವಿಗೇ ಕೊಡಿ. ತಿಂಡಿ ಡಬ್ಬಿಯತ್ತ ಹೋಗುವ ಕೈಗೆ ಬೇರೆ ಆರೈಕೆ ಸಿಕ್ಕಂತಾಗುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಕೈಯಲ್ಲಿ ಗಾಯವಿದ್ದರೆ ಆ ನೀರು ಮುಟ್ಟಿಸಬೇಡಿ.

ಇಷ್ಟಾದರೂ ಮೀನು ಸತ್ತರೆ, ಮಗು ಶಾಲೆಯಲ್ಲಿದ್ದಾಗ ಅದೇ ಬಣ್ಣದ ಇನ್ನೊಂದು ತಂದು ಬಿಡಬೇಡಿ. "ನಾನು ಜಾಸ್ತಿ ಹಾಕಿದ್ದಕ್ಕಾ?" ಎಂದು ಮಗು ಕೇಳಿದರೆ, "ನೀರು ಕೆಟ್ಟಿತ್ತು, ನಮಗೂ ಗೊತ್ತಾಗಲಿಲ್ಲ" ಎನ್ನಿ, ಅದು ನಿಜವೂ ಹೌದು. ಇನ್ನೊಂದು ಮೀನು ಬೇಕೆಂದರೆ ಮೊದಲು ಆ ನೀರನ್ನು ಸರಿಮಾಡಿ, ಕೆಲವು ವಾರ ಕಾಯಿರಿ.