ಹೆರಿಗೆ ವಾರ್ಡಿನಿಂದ ಹಾವು ಕಡಿತದ ಮಂಚಕ್ಕೆ

ಚುಂಚನಕಟ್ಟೆ ಸುತ್ತ ಕಾವೇರಿ ಬಯಲಿನ ಭತ್ತದ ಗದ್ದೆ, ಹುಣಸೂರು-ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು, ಎಚ್.ಡಿ. ಕೋಟೆ ಕಡೆ ಕಾಡಂಚು. ಮಳೆ ಹಿಡಿಯಿತೆಂದರೆ ಹಾವು ಕಡಿದವರು ಆಸ್ಪತ್ರೆಗೆ ಬರುವುದು ಇದ್ದದ್ದೇ. ಆ ಹೊತ್ತಿಗೆ ತುರ್ತು ಘಟಕದ ಡ್ಯೂಟಿಗೆ ಬಿದ್ದಿರುವವರು ಎಷ್ಟೋ ಸಲ ಹೆರಿಗೆ ವಾರ್ಡಿನಲ್ಲೇ ವರ್ಷಗಟ್ಟಲೆ ಪಳಗಿದ ಸಿಸ್ಟರ್. ಅಂಥವರಿಗೆ ತರಬೇತಿ ಕೊಡುತ್ತಾ ಕಂಡುಕೊಂಡ ಕೆಲವು ಮಾತು.

1. ಹೊಸಬರಿಗಿಂತ ಪಳಗಿದವರಿಗೆ ಕಲಿಸುವುದು ಕಷ್ಟ. ಕೈ ಹಳೇ ದಾರಿಯಲ್ಲೇ ಓಡುತ್ತದೆ. ಗಾಯ ಕಂಡದ್ದೇ ಟಿ.ಟಿ. ಚುಚ್ಚಿಬಿಡುತ್ತಾರೆ. ಕೊಳಕುಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟದಂತಾಗಿದ್ದರೆ ಸೂಜಿ ಹೊಕ್ಕ ಸ್ನಾಯುವಿನೊಳಗೇ ರಕ್ತ ತುಂಬಿ ಊದಿಕೊಳ್ಳುತ್ತದೆ. ಮನೆಯವರು ಬಿಗಿದ ಹಗ್ಗವನ್ನೂ ಡಾಕ್ಟರು ಬರುವ ಮುಂಚೆ ಸರಕ್ಕನೆ ಬಿಚ್ಚಬಾರದು. ಅದಕ್ಕೇ ನನ್ನ ಮೊದಲ ತರಗತಿ ಪೂರ್ತಿ ‘ಏನು ಮಾಡಬಾರದು’ ಅನ್ನುವುದರ ಮೇಲೆ.

2. ರಕ್ತ ಹೆಪ್ಪುಗಟ್ಟುತ್ತದೆಯೋ ಇಲ್ಲವೋ ನೋಡುವ ಪರೀಕ್ಷೆಯನ್ನು ಗಾಜಿನ ಟ್ಯೂಬು ಕೈಗೆ ಕೊಟ್ಟೇ ಕಲಿಸಬೇಕು. ಒಣಗಿದ, ಹೊಸ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ, ಅಲುಗಾಡಿಸದೆ 20 ನಿಮಿಷ ಇಟ್ಟು ಒಂದೇ ಸಲ ಬಗ್ಗಿಸಿ ನೋಡುವುದು. ಕೇಳಲು ಇಷ್ಟೇ. ಆದರೆ ಐದೈದು ನಿಮಿಷಕ್ಕೆ ಎತ್ತಿ ನೋಡುವವರಿದ್ದಾರೆ, ಸೋಪುನೀರಲ್ಲಿ ತೊಳೆದ ಟ್ಯೂಬು ತರುವವರಿದ್ದಾರೆ, ಪ್ಲಾಸ್ಟಿಕ್ ಆದರೇನು ಎನ್ನುವವರೂ ಇದ್ದಾರೆ. ರಕ್ತ ಹೆಪ್ಪುಗಟ್ಟುವಂತೆ ಕೆಣಕುವುದೇ ಗಾಜು. ಪ್ಲಾಸ್ಟಿಕ್ಕಿನಲ್ಲಾಗಲಿ ಸೋಪಿನ ಅಂಶ ಉಳಿದ ಟ್ಯೂಬಿನಲ್ಲಾಗಲಿ ಆರೋಗ್ಯವಂತರ ರಕ್ತವೂ ನೀರಾಗಿಯೇ ಉಳಿದೀತು. ಆಗ ಬೇಡದವರಿಗೂ ಪ್ರತಿವಿಷ (ಎ.ಎಸ್.ವಿ.) ಏರುತ್ತದೆ. ಪಕ್ಕದ ಟ್ಯೂಬಿಗೆ ನನ್ನ ರಕ್ತವನ್ನೇ ತೆಗೆಸುತ್ತೇನೆ. ಟ್ಯೂಬು ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ, ಸಿಸ್ಟರ್‌ಗಳಿಗೂ ಸ್ವಲ್ಪ ಖುಷಿ.

3. ಎ.ಎಸ್.ವಿ. ಹನಿಯಲು ಶುರುವಾದ ಮೇಲೆ ಮೊದಲ ಕಾಲು ಗಂಟೆ ಮಂಚ ಬಿಟ್ಟು ಏಳುವಂತಿಲ್ಲ. ಫೋನು ಬಂದರೂ, ಪಕ್ಕದ ಮಂಚದವರು ಕೂಗಿದರೂ. ತುರಿಕೆ, ದದ್ದು, ವಾಂತಿ, ಏದುಸಿರು ಕಂಡರೆ ಹನಿ ನಿಲ್ಲಿಸಿ, ಡಾಕ್ಟರನ್ನು ಕರೆದು, ಅಡ್ರಿನಲಿನ್. ದೊಡ್ಡವರಿಗೆ 0.5 ಮಿ.ಗ್ರಾಂ. ಮೊದಲೇ ಸಿರಿಂಜಿಗೆ ಎಳೆದಿಟ್ಟಿರಬೇಕು. ಸ್ನಾಯುವಿಗೆ ಚುಚ್ಚಬೇಡಿ ಅಂದಿದ್ದೆನಲ್ಲ, ಇದಕ್ಕೆ ಮಾತ್ರ ಆ ಮಾತು ಸಲ್ಲದು, ತೊಡೆಗೇ ಚುಚ್ಚಬೇಕು.

4. ಮಗುವಿಗೂ ದೊಡ್ಡವರಷ್ಟೇ ಎ.ಎಸ್.ವಿ. ಹಾವು ವಯಸ್ಸು ನೋಡಿ ವಿಷ ಅಳೆಯುವುದಿಲ್ಲ.

5. ಕಟ್ಟುಹಾವಿನ ಕಡಿತದಲ್ಲಿ ಊತವೂ ಇರದು, ಗುರುತೂ ಸಿಗದು. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಬಂದು, ರೆಪ್ಪೆ ಜೋಲುತ್ತಿದ್ದರೆ ಗ್ಯಾಸ್ಟ್ರಿಕ್ ಅಂತ ಕಳಿಸಕೂಡದು. ತಲೆದಿಂಬಿನಿಂದ ಕತ್ತು ಎತ್ತಿಸಿ, ಒಂದೇ ಉಸಿರಿಗೆ ಎಷ್ಟು ಎಣಿಸುತ್ತಾರೆ ನೋಡಿ, ಬರೆದಿಡಿ. ಮುಂದಿನ ಸಲ ಎಣಿಕೆ ಇಳಿದಿದ್ದರೆ ಆಂಬು ಬ್ಯಾಗ್ ಮಂಚದ ಬಳಿಗೆ ಬರಲಿ.

6. ಹಳೇ ವಿದ್ಯೆ ದಂಡವಲ್ಲ. ಪಾರ್ಟೋಗ್ರಾಫ್ ತುಂಬಿದ ಕೈಗೆ ಗಂಟೆಗಂಟೆಗೂ ನೋಡಿ ಬರೆಯುವುದು ರೂಢಿ. ಊತ ಎಲ್ಲಿಗೆ ಏರಿದೆ ಅಂತ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಹಾಕುವುದನ್ನು ಹೆರಿಗೆ ಸಿಸ್ಟರ್‌ಗಳಷ್ಟು ಚೊಕ್ಕವಾಗಿ ಬೇರೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

7. ಸಹಿ ಹಾಕಿಸಿಕೊಂಡ ತರಬೇತಿ ತರಬೇತಿಯಲ್ಲ. ಒಂದು ಕಡೆ ಅರ್ಧ ದಿನದ ಉಪನ್ಯಾಸ ಮುಗಿಸಿ, ಅದೇ ರಾತ್ರಿ ಒಬ್ಬರನ್ನೇ ಡ್ಯೂಟಿಗೆ ಹಾಕಿದ್ದರು. ಮೊದಲ ಕೆಲವು ಕೇಸು ಅನುಭವಸ್ಥರ ಜೊತೆ ನಿಂತು ನೋಡಬೇಕು, ಆಮೇಲೆ ಅವರ ಕಣ್ಣೆದುರೇ ಮಾಡಬೇಕು. “ಇದು ನನಗೆ ಬರಲ್ಲ ಮೇಡಂ” ಅಂದವರನ್ನು ಬೈಯುವ ಇನ್‌ಚಾರ್ಜ್ ಇರುವ ಕಡೆ ಯಾವ ಪಾಠವೂ ನಿಲ್ಲುವುದಿಲ್ಲ.

8. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯ. ಫಾರಂ ತುಂಬುವ ಕೆಲಸ ಬೆಳಿಗ್ಗೆ ಪಾಳಿಯವರ ಮೇಲೆ ಬೀಳುತ್ತದೆ. ಕಡಿದ ಹೊತ್ತು, ಬಂದ ಹೊತ್ತು, ಕೊಟ್ಟ ವಯಲ್‌ಗಳ ಲೆಕ್ಕ ಗೊತ್ತಿರುವುದು ರಾತ್ರಿ ಪಾಳಿಯವರಿಗೆ. ಹೊರಡುವ ಮುಂಚೆ ಅವರ ಕೈಯಲ್ಲೇ ಬರೆಸಿ.