ಮೋಟಾರುಗಾಡಿಯ ಹಾಡಿನಲ್ಲಿ ಬೆರೆಯುವ ಅಪಸ್ವರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿ ನಕ್ಕಿರುತ್ತೇವೆ. ಆದರೆ ಯಂತ್ರಗಳು ಕೆಟ್ಟಾಗ ನಾವು ಮಾಡುವ ಚಿಕಿತ್ಸೆಯೂ ಬಹುಮಟ್ಟಿಗೆ ಇದೇ ಬಗೆಯದೆಂಬುದು ಒಂದು ಪ್ರವಾಸದ ವ್ಯಾನಿನಿಂದ ನಮಗೆ ತಿಳಿದುಬಂದಿತು. ಆ ಗಾಡಿಯ ಮುಂಭಾಗದಲ್ಲಿ ಒಂದು ಸ್ಟೀರಿಯೋವನ್ನೂ ಹಿಂದಿನ ಆಸನದ ಕೆಳಗೆ ಒಂದು ಆಂಪ್ಲಿಫಯರನ್ನೂ ಹೊಸದಾಗಿ ಕೂಡಿಸಿದ್ದರು. ಇಂಜಿನು ನಿಂತಿರುವಾಗ ಹಾಡು ನಿರ್ಮಲವಾಗಿ ಕೇಳಿಸುತ್ತಿತ್ತು. ಇಂಜಿನನ್ನು ನಡೆಸಿದೊಡನೆಯೇ ಹಾಡಿನೊಳಗೆ ಒಂದು ಸಣ್ಣ ಕೂಗು ಬೆರೆಯುತ್ತಿತ್ತು. ಗಾಡಿಯ ವೇಗವು ಹೆಚ್ಚಿದಂತೆಲ್ಲ ಆ ಕೂಗಿನ ಸ್ವರವೂ ಮೇಲಕ್ಕೇರುತ್ತಿತ್ತು. ಅಂಗಡಿಯವರು ಸ್ಟೀರಿಯೋ ಕೆಟ್ಟಿದೆ, ಹೊಸದನ್ನು ಕೊಳ್ಳಿರಿ ಎಂದರು. ಹಣವನ್ನು ವ್ಯಯಮಾಡುವುದಕ್ಕೆ ಮುಂಚೆ ಕಾರಣವನ್ನು ಹುಡುಕಿ ನೋಡೋಣವೆಂದು ನಾವು ನಿಶ್ಚಯಿಸಿದೆವು. ಆ ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಗಾಡಿಯಲ್ಲಿ ವಿದ್ಯುತ್ತು ಸಂಚರಿಸುವ ರೀತಿಯನ್ನು ತಿಳಿಯಬೇಕು. ಸಾಮಾನ್ಯವಾದ ಮೋಟಾರುಗಾಡಿಯ ಬ್ಯಾಟರಿಯಲ್ಲಿ 6 ಕೋಶಗಳಿದ್ದು, ಅವೆಲ್ಲ ಸೇರಿ ಸುಮಾರು 12.6 ವೋಲ್ಟಿನಷ್ಟು ಒತ್ತಡವನ್ನು ಕೊಡುತ್ತವೆ. ಇಂಜಿನು ನಡೆಯುವಾಗ ಆಲ್ಟರ್ನೇಟರೆಂಬ ಯಂತ್ರವು ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಯನ್ನು ತುಂಬುತ್ತದೆ. ಆಗ ಒತ್ತಡವು ಸುಮಾರು 14 ವೋಲ್ಟಿಗೆ ಏರುತ್ತದೆ. ಈ ಯಂತ್ರದಲ್ಲಿ ಹುಟ್ಟುವುದು ಹಿಂದು ಮುಂದಾಗಿ ಹರಿಯುವ ಪ್ರವಾಹ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದರೂ ಅದರ ಮೇಲೆ ಸಣ್ಣ ಅಲೆಗಳು ಉಳಿದೇ ಇರುತ್ತವೆ. ಇಂಜಿನಿನ ವೇಗವು ಹೆಚ್ಚಿದರೆ ಅಲೆಗಳೂ ಒತ್ತೊತ್ತಾಗುತ್ತವೆ. ನಾವು ಕೇಳಿದ ಏರುಸ್ವರದ ಕೂಗು ಈ ಅಲೆಗಳದೇ. ಅಲ್ಲದೆ ಪೆಟ್ರೋಲ್ ಇಂಜಿನಿನಲ್ಲಿ ಕಿಡಿ ಹಾರುವಾಗಲೆಲ್ಲ ಚಟಚಟವೆಂಬ ಸದ್ದು ರೇಡಿಯೋವನ್ನು ಸೇರುವುದುಂಟು. ಚಿಕಾಗೋ ನಗರದ ಗ್ಯಾಲ್ವಿನ್ ಸಹೋದರರು 1930ರಲ್ಲಿ ಮೋಟಾರುಗಾಡಿಗೆಂದು ರೇಡಿಯೋವನ್ನು ನಿರ್ಮಿಸಿದಾಗ ಇಂಜಿನಿನ ಈ ಸದ್ದನ್ನು ಅಡಗಿಸುವುದೂ ಅವರ ದೊಡ್ಡ ತೊಡಕುಗಳಲ್ಲಿ ಒಂದಾಗಿತ್ತು.

ಮನೆಯ ದೀಪಕ್ಕೆ ವಿದ್ಯುತ್ತು ಹೋಗುವುದಕ್ಕೊಂದು, ಮರಳುವುದಕ್ಕೊಂದು, ಹೀಗೆ ಎರಡು ತಂತಿಗಳಿರುತ್ತವೆ. ಮೋಟಾರುಗಾಡಿಯಲ್ಲಾದರೋ ಹೋಗುವುದಕ್ಕೆ ಮಾತ್ರ ತಂತಿ. ಮರಳುವ ದಾರಿ ಗಾಡಿಯ ಉಕ್ಕಿನ ಮೈಯೇ. ಬ್ಯಾಟರಿಯ ಋಣಧ್ರುವವನ್ನು ಆ ಮೈಗೆ ಬಿಗಿದಿರುತ್ತಾರೆ. ಗಾಡಿಯು ರಬ್ಬರಿನ ಚಕ್ರಗಳ ಮೇಲೆ ನಿಂತಿದ್ದು ಭೂಮಿಯೊಡನೆ ಅದಕ್ಕೆ ಸಂಪರ್ಕವಿಲ್ಲದಿದ್ದರೂ ಮೆಕ್ಯಾನಿಕರು ಇದನ್ನು ಅರ್ತ್ ಎಂದೇ ಕರೆಯುತ್ತಾರೆ.

ಜರ್ಮನಿಯ ಓಮ್ ಎಂಬ ವಿಜ್ಞಾನಿಯು 1827ರಲ್ಲಿ ಪ್ರಕಟಿಸಿದ ನಿಯಮವನ್ನು ಇಲ್ಲಿ ಸ್ಮರಿಸಬೇಕು. ಪ್ರವಾಹವನ್ನು ತಡೆಯಿಂದ ಗುಣಿಸಿದರೆ ಒತ್ತಡವು ದೊರೆಯುತ್ತದೆ. ಅರ್ತ್ ಬಿಗಿದ ಸ್ಥಳದಲ್ಲಿ ಬಣ್ಣವೋ ತುಕ್ಕೋ ಇದ್ದು 0.05 ಓಮಿನಷ್ಟು ಅಲ್ಪವಾದ ತಡೆಯುಂಟಾಯಿತೆಂದು ಎಣಿಸೋಣ. ಆಂಪ್ಲಿಫಯರು 20 ಆಂಪಿಯರುಗಳನ್ನು ಎಳೆದರೆ ಆ ಒಂದು ಸ್ಥಳದಲ್ಲಿಯೇ 1 ವೋಲ್ಟು ನಷ್ಟವಾಗುತ್ತದೆ. ಸ್ಟೀರಿಯೋದಿಂದ ಹಾಡನ್ನು ಒಯ್ಯುವ ಸಣ್ಣ ಕೇಬಲಿನಲ್ಲಿ ಇರುವ ಒತ್ತಡವೇ ಒಂದೆರಡು ವೋಲ್ಟು. ಮೆಲುದನಿಯ ಭಾಗಗಳಲ್ಲಿ ಅದರ ನೂರರಲ್ಲೊಂದು ಪಾಲೂ ಇರಲಾರದು.

ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ನೀರು ಪಕ್ಕದ ಗದ್ದೆಗೆ ನುಗ್ಗುವುದನ್ನು ನಾವು ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ. ಆಂಪ್ಲಿಫಯರಿನ ಅರ್ತ್ ದಾರಿಯು ಇಕ್ಕಟ್ಟಾದರೆ ಪ್ರವಾಹದ ಒಂದು ಪಾಲು ಹಾಡಿನ ಕೇಬಲಿನ ಹೊರಹೆಣಿಗೆಯ ಮೂಲಕ ಸ್ಟೀರಿಯೋಗೆ ಹೋಗಿ, ಅಲ್ಲಿಯ ಅರ್ತಿನಿಂದ ಬ್ಯಾಟರಿಯನ್ನು ಸೇರುತ್ತದೆ. ಆಲ್ಟರ್ನೇಟರಿನ ಅಲೆಗಳು ಹೀಗೆ ಹಾಡಿನ ದಾರಿಯಲ್ಲಿಯೇ ನಡೆದುಬರುವುದರಿಂದ ಆಂಪ್ಲಿಫಯರು ಹಾಡೆಂದೂ ಕೂಗೆಂದೂ ಭೇದವೆಣಿಸದೆ ಎರಡನ್ನೂ ಹಿರಿದು ಮಾಡಿ ಕೇಳಿಸುತ್ತದೆ.

ಇನ್ನು ಪರೀಕ್ಷೆಯ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಎರಡನ್ನು ಕೂಡಿಯೇ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಮೊದಲನೆಯದಾಗಿ, ಸದ್ದಿನ ಗುಣವನ್ನು ಗಮನಿಸಬೇಕು. ಇಂಜಿನಿನ ವೇಗದೊಡನೆ ಏರಿಳಿಯುವ ಕೂಗು ಆಲ್ಟರ್ನೇಟರಿನದು, ಚಟಚಟವೆಂಬುದು ಕಿಡಿಯದು. ಇಂಜಿನು ನಿಂತರೂ ಒಂದೇ ಸಮನೆ ಹಿಸ್ಸೆನ್ನುತ್ತಿದ್ದರೆ ಬಹುಶಃ ಆಂಪ್ಲಿಫಯರಿನ ಗೇನ್ ತಿರುಪನ್ನು ಮಿತಿಮೀರಿ ತಿರುಗಿಸಿರುತ್ತಾರೆ.

ಎರಡನೆಯದಾಗಿ, ಸ್ಟೀರಿಯೋದ ಧ್ವನಿಯನ್ನು ಪೂರ್ತಿಯಾಗಿ ತಗ್ಗಿಸಬೇಕು. ಸದ್ದೂ ತಗ್ಗಿದರೆ ಅದು ರೇಡಿಯೋ ಅಥವಾ ಫೋನಿನ ಕಡೆಯಿಂದ ಬರುತ್ತಿದೆ. ಗಾಡಿಯಲ್ಲಿಯೇ ಚಾರ್ಜ್ ಮಾಡುತ್ತಿರುವ ಫೋನಿನಿಂದ ತಂತಿಯ ಮೂಲಕ ಹಾಡು ಬರುತ್ತಿದ್ದರೆ ಚಾರ್ಜರನ್ನು ಕಿತ್ತು ನೋಡಬೇಕು. ಅನೇಕ ವೇಳೆ ಅಲ್ಲಿಗೇ ರೋಗವು ಗುಣವಾಗುತ್ತದೆ. ನಮ್ಮ ಗಾಡಿಯಲ್ಲಿ ಹಾಡು ಅಡಗಿತು, ಕೂಗು ಅಡಗಲಿಲ್ಲ. ಹಾಗಾದರೆ ಅದು ಧ್ವನಿಯ ತಿರುಪನ್ನು ದಾಟಿದ ಮೇಲೆಯೇ ಸೇರುತ್ತಿರಬೇಕು.

ಮೂರನೆಯದಾಗಿ, ಎಲ್ಲವನ್ನೂ ನಿಲ್ಲಿಸಿ, ಆಂಪ್ಲಿಫಯರಿನಿಂದ ಹಾಡಿನ ಕೇಬಲನ್ನು ಬಿಚ್ಚಿ, ಪುನಃ ಇಂಜಿನನ್ನು ನಡೆಸಿದೆವು. ಸ್ಪೀಕರುಗಳು ಮೌನವಾದವು. ಆಂಪ್ಲಿಫಯರೂ ಸ್ಪೀಕರುಗಳೂ ನಿರ್ದೋಷಿಗಳು. ಬಳಿಕ ಚಾರ್ಜರಿಲ್ಲದ ಒಂದು ಫೋನನ್ನು ಗಿಡ್ಡ ಕೇಬಲಿನಿಂದ ನೇರವಾಗಿ ಆಂಪ್ಲಿಫಯರಿಗೆ ಸೇರಿಸಿದಾಗ ಹಾಡು ಶುದ್ಧವಾಗಿ ಬಂದಿತು.

ನಾಲ್ಕನೆಯದಾಗಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಹಾಡು ಗಟ್ಟಿಯಾಗಿ ನಡೆಯುತ್ತಿರುವಾಗ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಆಂಪ್ಲಿಫಯರಿನ ಅರ್ತ್ ತಿರುಪಿಗೂ ಹಿಡಿದೆವು. ಅಲ್ಲಿ 0.1 ವೋಲ್ಟಿಗಿಂತ ಕಡಿಮೆಯಿರಬೇಕು. ನಮಗೆ ಕಂಡದ್ದು 0.7. ಕಳ್ಳನು ಸಿಕ್ಕಿದನು! ಆಸನದ ಬೋಲ್ಟಿಗೆ, ಬಣ್ಣದ ಮೇಲೆಯೇ, ಅರ್ತ್ ತಂತಿಯನ್ನು ಬಿಗಿದಿದ್ದರು.

ಇದನ್ನು ಸರಿಪಡಿಸುವ ಕ್ರಮ ಹೀಗೆ. ಮೊದಲು ಬ್ಯಾಟರಿಯ ಋಣಧ್ರುವವನ್ನು ಬಿಚ್ಚಬೇಕು. ಧನಧ್ರುವವನ್ನು ಮೊದಲು ಬಿಚ್ಚಹೋದರೆ ಸ್ಪ್ಯಾನರು ಗಾಡಿಯ ಮೈಗೆ ತಗಲಿ ಅಪಾಯವುಂಟಾದೀತು. ಬಳಿಕ ಆಂಪ್ಲಿಫಯರಿಗೆ ಹತ್ತಿರವಾದ ದಪ್ಪ ಉಕ್ಕಿನ ಸ್ಥಳವನ್ನಾರಿಸಿ, ಲೋಹವು ಹೊಳೆಯುವವರೆಗೆ ಬಣ್ಣವನ್ನು ಕೆರೆಯಬೇಕು. ರಂಧ್ರ ಕೊರೆಯಬೇಕಾದರೆ ಕೆಳಗೆ ಪೆಟ್ರೋಲಿನ ಅಥವಾ ಬ್ರೇಕಿನ ಕೊಳವೆ ಇಲ್ಲವೆಂದು ಬಗ್ಗಿ ನೋಡತಕ್ಕದ್ದು. ಅರ್ತ್ ತಂತಿಯು ಗಿಡ್ಡದಾಗಿಯೂ, ಧನಧ್ರುವದಿಂದ ಬರುವ ತಂತಿಯಷ್ಟೇ ದಪ್ಪವಾಗಿಯೂ ಇರಬೇಕು. ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸು ಸವರಬೇಕು. ಹೀಗೆ ಮಾಡಿ ಅಳೆದಾಗ 0.04 ವೋಲ್ಟು ತೋರಿತು. ಕೂಗು ಬಹುಮಟ್ಟಿಗೆ ನಿಂತಿತು. ಉಳಿದ ಸಣ್ಣ ಗುಂಯ್‌ಗುಡುವಿಕೆಯು, ದಪ್ಪ ತಂತಿಯ ಜೊತೆಯಲ್ಲಿಯೇ ಹಾಯ್ದಿದ್ದ ಹಾಡಿನ ಕೇಬಲನ್ನು ಗಾಡಿಯ ಇನ್ನೊಂದು ಮಗ್ಗುಲಿಗೆ ಸರಿಸಿದಾಗ ಇಲ್ಲವಾಯಿತು.

ಆದರೆ ಈ ಕೆಲಸದಲ್ಲಿ ನಮಗೆ ದೊರೆತ ಮುಖ್ಯ ಲಾಭವು ಬೇರೆ. ಆ ದಪ್ಪ ತಂತಿಯ ದಾರಿಯನ್ನು ಹಿಡಿದು ಇಂಜಿನಿನ ಕಡೆಗೆ ಹೋದಾಗ, ತಗಡಿನ ರಂಧ್ರದ ಅಂಚಿಗೆ ಉಜ್ಜಿ ಅದರ ಹೊದಿಕೆಯು ಅರ್ಧದಷ್ಟು ಸವೆದಿರುವುದು ಕಂಡಿತು. ಬ್ಯಾಟರಿಯ ಬಳಿ ಫ್ಯೂಸೂ ಇರಲಿಲ್ಲ. ಇನ್ನು ಕೆಲವು ದಿನಗಳಲ್ಲಿ ತಾಮ್ರವು ತಗಡನ್ನು ಮುಟ್ಟಿದ್ದರೆ ನೂರಾರು ಆಂಪಿಯರುಗಳು ಒಮ್ಮೆಗೇ ಹರಿದು, ತಂತಿಯು ಕೆಂಪಗೆ ಕಾದು, ಜನರು ತುಂಬಿದ ಗಾಡಿಗೆ ಬೆಂಕಿ ತಗಲುವ ಸಂಭವವಿತ್ತು. ರಂಧ್ರಕ್ಕೆ ರಬ್ಬರಿನ ಬಳೆಯನ್ನು ತೊಡಿಸಿ, ಸವೆದ ತಂತಿಯನ್ನು ಬದಲಾಯಿಸಿ, ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ತಕ್ಕ ಫ್ಯೂಸನ್ನು ಇರಿಸಿದೆವು. ಹೊಸ ಸ್ಟೀರಿಯೋವನ್ನು ಕೊಂಡಿದ್ದರೆ ಕೂಗೂ ಉಳಿಯುತ್ತಿತ್ತು, ಈ ಅಪಾಯವೂ ಉಳಿಯುತ್ತಿತ್ತು.

ಸದ್ದನ್ನು ಸೋಸುವ ಫಿಲ್ಟರುಗಳೂ ಅರ್ತಿನ ಸುತ್ತುದಾರಿಯನ್ನು ಕಡಿಯುವ ಐಸೊಲೇಟರುಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಕೊನೆಯ ಉಪಾಯವೇ ಹೊರತು ಮೊದಲಿನದಲ್ಲ. ಅಗ್ಗದ ಐಸೊಲೇಟರು ಹಾಡಿನ ತಗ್ಗುಸ್ವರಗಳನ್ನೂ ನುಂಗಿಬಿಡಬಹುದು. ಅರ್ತ್ ಸರಿಯಿದ್ದೂ ಕೂಗು ಹೋಗದಿದ್ದರೆ ಆಲ್ಟರ್ನೇಟರಿನ ಡಯೋಡನ್ನು ಬಲ್ಲವರಿಂದ ಪರೀಕ್ಷಿಸಿಸಬೇಕು.

ಆದುದರಿಂದ, ಪ್ರಿಯ ವಿದ್ಯಾರ್ಥಿನಿಯರೇ, ಅಪಸ್ವರವು ಕೇಳಿಸಿದಾಗ ಅದನ್ನು ಮುಚ್ಚುವುದಕ್ಕೆ ಆತುರಪಡಬೇಡಿರಿ. ಅದು ಎಲ್ಲಿಂದ ಬಂದಿತೆಂದು ತಾಳ್ಮೆಯಿಂದ ಕೇಳಿರಿ, ಅಳೆಯಿರಿ, ಒಂದೊಂದಾಗಿ ಬಿಚ್ಚಿ ನೋಡಿರಿ. ನಮ್ಮ ಗಾಡಿಯಲ್ಲಿ ಆ ಸಣ್ಣ ಕೂಗು ಕೇಳಿಸದೆ ಇದ್ದಿದ್ದರೆ ಸವೆದ ತಂತಿಯನ್ನು ಯಾರೂ ನೋಡುತ್ತಿರಲಿಲ್ಲ.