ತೋಟಾ ನಡುವೆ ಸಿಕ್ಕಿಕೊಂಡರೆ: ಸಣ್ಣ ಪಿಸ್ತೂಲು ಇಟ್ಟುಕೊಂಡವರಿಗೆ

ಚುನಾವಣೆ ಮುಗಿದು ಠಾಣೆಯಿಂದ ಪಿಸ್ತೂಲು ವಾಪಸ್ ಬಂದಿದೆ. ತಿಂಗಳುಗಟ್ಟಲೆ ಯಾರೂ ಮುಟ್ಟಿಲ್ಲ. ರೇಂಜಿಗೆ ಒಯ್ದು ಎರಡು ಗುಂಡು ಹಾರಿಸುವಷ್ಟರಲ್ಲಿ ಮೂರನೆಯ ತೋಟಾ ಅರ್ಧಕ್ಕೇ ನಿಂತಿತು, ಸ್ಲೈಡ್ ಪೂರ್ತಿ ಮುಂದೆ ಬರಲಿಲ್ಲ. ಪರವಾನಗಿದಾರರ ಕೈಯಲ್ಲಿರುವ ಸಣ್ಣ ಪಿಸ್ತೂಲು ಹೆಚ್ಚಾಗಿ .32 ಬೋರಿನದು, ಇಛಾಪುರ ರೈಫಲ್ ಕಾರ್ಖಾನೆಯ ‘ಅಶನಿ’ಯಂಥದು. ಇದರ ಮೊಂಡಾಟಕ್ಕೆ ಕಾರಣ ಬಹಳ ಸಲ ತೋಟಾದಲ್ಲೇ ಇರುತ್ತದೆ.

ಮೊದಲು ಬೆರಳನ್ನು ಕುದುರೆಯಿಂದ ದೂರ ಇಡಿ, ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ. ಮ್ಯಾಗಜಿನ್ ಹೊರತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ. ಈ ಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಇನ್ನೊಂದು ತೋಟಾ ಚೇಂಬರಿಗೆ ಹೋಗುತ್ತದೆ. ಚೇಂಬರ್ ಖಾಲಿ ಇರುವುದನ್ನು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಸಿಕ್ಕ ತೋಟಾವನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ.

ಈಗ ಮ್ಯಾಗಜಿನ್ ನೋಡಿ. ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ ಈ .32 ತೋಟಾದ ತಳದ ಅಂಚು ಮೈಗಿಂತ ಸುಮಾರು ಕಾಲು ಮಿಲಿಮೀಟರಿನಷ್ಟು ಹೊರಗೆ ಚಾಚಿರುತ್ತದೆ. ನೋಡಿದರೆ ಗೊತ್ತೇ ಆಗದಷ್ಟು ಸಣ್ಣದು. ಆದರೆ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಕೊಕ್ಕೆಯಂತೆ ಹಿಡಿದುಕೊಳ್ಳುತ್ತವೆ, ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನದು ಕದಲುವುದಿಲ್ಲ. ತುಂಬುವಾಗ ಪ್ರತಿ ತೋಟಾದ ಅಂಚೂ ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಮೊನೆ ತಗ್ಗಾದ, ಉದ್ದ ಕಡಿಮೆಯ ತೋಟಾಗಳಿಗೆ ಮ್ಯಾಗಜಿನ್‌ನಲ್ಲಿ ಹಿಂದೆಮುಂದೆ ಆಡಲು ಜಾಗ ಸಿಗುತ್ತದೆ, ಆಗ ಈ ಕಾಟ ಹೆಚ್ಚು. ದುಂಡು ಮೊನೆಯ, ಪೂರ್ತಿ ತಾಮ್ರ ಹೊದಿಕೆಯ ಗುಂಡೇ ವಾಸಿ.

ಅಂಚು ಸರಿಯಾಗಿದ್ದೂ ತೊಂದರೆ ಮುಂದುವರಿದರೆ ಮ್ಯಾಗಜಿನ್ ತುಟಿಗಳು ಬಾಗಿವೆಯೇ, ಸ್ಪ್ರಿಂಗ್ ಸೋತಿದೆಯೇ ನೋಡಿ. ಇನ್ನೊಂದು ಮ್ಯಾಗಜಿನ್ ಹಾಕಿದಾಗ ಸರಿಹೋದರೆ ದೋಷ ಮೊದಲಿನದರಲ್ಲೇ ಇದೆ. ನಮ್ಮ ಕಡೆಯ ಧೂಳು ಹಳೆಯ ಎಣ್ಣೆಯ ಜೊತೆ ಸೇರಿ ಮೇಣದಂತೆ ಗಟ್ಟಿಯಾಗುತ್ತದೆ. ತೋಟಾ ಏರುವ ಇಳಿಜಾರನ್ನು ಒಣಬಟ್ಟೆಯಿಂದ ಒರೆಸಿ, ಸ್ಲೈಡ್ ಜಾರುವ ಗೆರೆಗಳಿಗಷ್ಟೇ ಒಂದು ಹನಿ ಎಣ್ಣೆ ಹಾಕಿ. ಮ್ಯಾಗಜಿನ್ ಒಳಗೆ ಎಣ್ಣೆ ಬೇಡ, ಅದು ತೋಟಾದ ಪ್ರೈಮರಿಗೆ ಇಳಿದರೆ ಮದ್ದು ಕೆಡುತ್ತದೆ. ಚರ್ಮದ ಚೀಲದಲ್ಲಿ ಮಳೆಗಾಲವೆಲ್ಲ ಇಟ್ಟ ತೋಟಾಗಳಿಗೆ ಹಸಿರು ಕಿಲುಬು ಹತ್ತಿದ್ದರೆ ಬಳಸಬೇಡಿ.

ಹಿಡಿತವೂ ಮುಖ್ಯ. ಹಗುರ ಪಿಸ್ತೂಲನ್ನು ಮಣಿಕಟ್ಟು ಸಡಿಲ ಬಿಟ್ಟು ಹಿಡಿದರೆ ಹಿಂದೊದೆತದ ಬಲವೆಲ್ಲ ಕೈಯನ್ನೇ ಎತ್ತುತ್ತದೆ, ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಮುಂದಿನ ತೋಟಾ ಎತ್ತಿಕೊಳ್ಳುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಊರಿನ ಕಮ್ಮಾರನ ಬಳಿ ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ರಿಪೇರಿಗೂ ಪರವಾನಗಿ ಬೇಕು. ಸರಿಹೋಯಿತೇ ಎಂದು ಹೊಲದಲ್ಲಿ ಹಾರಿಸಿ ನೋಡುವುದೂ ಸಲ್ಲದು. ತೆಲಂಗಾಣದ ಗಡಿಯಂಚಿನ ನಾಗಲಗಿದ್ದದವರಿಗೆ ಇನ್ನೊಂದು ಮಾತು: ಬೀದರ ಹತ್ತಿರ ನಿಜ, ಆದರೆ ಅದು ಕರ್ನಾಟಕ. ಪರವಾನಗಿ ಪುಸ್ತಕದಲ್ಲಿ ತೆಲಂಗಾಣ ಅಂತಷ್ಟೇ ಬರೆದಿದ್ದರೆ ಗಡಿ ದಾಟಿಸಬೇಡಿ, ಹೈದರಾಬಾದಿನ ಪರವಾನಗಿ ಪಡೆದ ಅಂಗಡಿಗೆ ಒಯ್ಯಿರಿ. ಪಿಸ್ತೂಲು ಖಾಲಿ ಇರಲಿ, ತೋಟಾ ಬೇರೆ ಇರಲಿ, ಮೂಲ ಪರವಾನಗಿ ಜೊತೆಗಿರಲಿ.